ಕೊಟ್ಟಿಗೆಯ ಹಿಂದಿನ ಸಾಲು

"ಇನ್ನೊಂದ್ಸಲ ನೀರು ಹೊಡಿ, ಗನೀಫ್. ಮೆಲ್ಲಗೆ."

ಉತ್ಖನನದ ಜೊತೆಗಾರ ನೀರು ಚಿಮುಕಿಸಿದೊಡನೆ, ಕರಣೆಯಿಂದ ಕೆರೆದು ಸಮಮಾಡಿದ್ದ ನೆಲದಲ್ಲಿ ಏಳನೆಯ ಆಯತವೂ ಕಪ್ಪಗೆ ಮೂಡಿತು. ಒಮ್ಮೆ ಅಗೆದು ಮುಚ್ಚಿದ ಮಣ್ಣು ಎಷ್ಟು ಕಾಲವಾದರೂ ಸುತ್ತಲಿನ ಮಣ್ಣಿನೊಂದಿಗೆ ಬೆರೆಯುವುದಿಲ್ಲ. ಒದ್ದೆಯಾದಾಗ ಆ ಭೇದ ಇನ್ನೂ ಸ್ಪಷ್ಟ. ಸೆಪ್ಟೆಂಬರ್ ಮನೆತನದ ಡೆನೀಸ್ ಅದರ ಅಂಚಿಗೂ ಮೊಳೆ ಬಡಿದು ದಾರ ಕಟ್ಟಿದಳು. ಡಚ್ಚರ ಕಾಲದ ಅಡುಗೆಮನೆಯ ಅಡಿಪಾಯದ ಬಳಿ ಶುರುವಾದ ಸಾಲು ಕೊಟ್ಟಿಗೆಯ ಹಿಂದೆ ಕೊನೆಗೊಂಡಿತ್ತು. ಕೊನೆಯದರ ತಲೆಯ ಕಡೆ ನೀಲಿ ಅಂಚಿನ ಎನಾಮೆಲ್ ಲೋಟವೊಂದು ಸಿಕ್ಕಿತ್ತು. ಸತ್ತವರು ಕುಡಿಯುತ್ತಿದ್ದ ಲೋಟವನ್ನು ಗೋರಿಯ ಮೇಲಿಡುವುದು ಅವಳ ಮನೆತನದ ಪದ್ಧತಿ. ಅಪ್ಪ ಹೇಳುತ್ತಿದ್ದ ಗುರುತೂ ಅದೇ. ಅದು ಅಜ್ಜಿಯ ಗೋರಿ.

ಎರಡು ವರ್ಷದ ಹಿಂದೆ ಅಪ್ಪ ಸತ್ತಾಗ, ಅವನ ತಾಯಿಯ ಪಕ್ಕದಲ್ಲೇ ಹೂಳಲು ಮನೆಯವರು ಅನುಮತಿ ಕೇಳಿದ್ದರು. ಹಿಂದೆಯೂ ಅಲ್ಲಿ ಕೆಲಸದವರನ್ನು ಹೂಳಿದ ರೂಢಿಯಿದ್ದರೆ ಮಾತ್ರ ಕಾನೂನು ಆ ಹಕ್ಕು ಕೊಡುತ್ತಿತ್ತು. "ನನ್ನ ಜಮೀನಿನಲ್ಲಿ ಕೆಲಸದವರನ್ನು ಹೂಳಿದ್ದೇ ಇಲ್ಲ" ಎಂದು ತೋಟದ ಒಡೆಯ ಲಾಟೆಗನ್ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ್ದ. ನಲವತ್ತು ವರ್ಷ ಅವನ ದ್ರಾಕ್ಷಿಬಳ್ಳಿ ಸವರಿದ ಅಪ್ಪ ಪಾರ್ಲ್ ಪಟ್ಟಣದ ಪುರಸಭೆಯ ಸ್ಮಶಾನ ಸೇರಿದ. ಪೂರ್ವಜರ ಮನೆಯನ್ನು ಪ್ರವಾಸಿಗರಿಗೆ ತೋರಿಸಲು ಲಾಟೆಗನ್ ಉತ್ಖನನ ಮಾಡಿಸುತ್ತಾನೆಂಬ ಸುದ್ದಿ ತಿಳಿದ ದಿನವೇ ಡೆನೀಸ್ ಆ ತಂಡಕ್ಕೆ ಅರ್ಜಿ ಹಾಕಿದ್ದಳು.

ಈಗ ಲಾಟೆಗನ್ ಇಬ್ಬರು ಅತಿಥಿಗಳೊಡನೆ ಬಂದ. ಸಾಲನ್ನು ಕಂಡವನು ಅರೆಕ್ಷಣ ನಿಂತ.

"ಇವು ನಮ್ಮಜ್ಜಂದಿರ ಕಾಲದ ಕಸದ ಗುಂಡಿಗಳು," ಎಂದು ಅತಿಥಿಗಳತ್ತ ತಿರುಗಿ ನಕ್ಕ.

"ಹೌದಾ? ಹಾಗಾದ್ರೆ ಅಳೆದೇಬಿಡೋಣ," ಡೆನೀಸ್ ಟೇಪಿನ ತುದಿ ಚಾಚಿದಳು. "ಹಿಡ್ಕೊಳ್ಳಿ. ಜೋರಾಗಿ ಓದಿ, ಗನೀಫ್ ಬರ್ಕೊಳ್ತಾನೆ."

ಅತಿಥಿಗಳ ಎದುರು ಒಲ್ಲೆನ್ನಲಾಗದೆ ಅವನು ಮಂಡಿಯೂರಿದ.

"ಎರಡು ಮೀಟರ್."

"ಮುಂದಿನದು?"

"ಒಂದು... ತೊಂಬತ್ತೈದು."

"ಇದು?"

"ಎಂಬತ್ತು ಸೆಂಟಿಮೀಟರ್."

"ಈ ಕಸ ಇನ್ನೂ ನಡೆಯೋದೇ ಕಲಿತಿರ್ಲಿಲ್ಲ ಅನ್ಸುತ್ತೆ," ಎಂದ ಗನೀಫ್, ಬರೆಯುತ್ತಲೇ.

ಅತಿಥಿಗಳಲ್ಲೊಬ್ಬಳು ಟೋಪಿ ತೆಗೆದಳು. ಲಾಟೆಗನ್ ದನಿ ತಗ್ಗಿಸಿದ. "ಮುಚ್ಬಿಡು ಮಗಳೇ. ಕೂತು ಮಾತಾಡೋಣ."

"ಬೆಳಿಗ್ಗೆನೇ ಫೋಟೋ ಹೋಗಿವೆ. ಪುರಾತತ್ವ ಇಲಾಖೆಗೂ, ನಮ್ಮ ವಕೀಲರಿಗೂ."

"ನಿಮ್ಮಪ್ಪ ಯಾವತ್ತೂ ನನ್ನ ಮುಂದೆ ಹೀಗೆ ಮಾತಾಡ್ದೋನಲ್ಲ."

"ಇಲ್ಲ. ಧಣಿ, ಧಣಿ ಅಂತಿದ್ದ. ಟೇಪು ಬಿಗಿಯಾಗಿ ಹಿಡೀರಿ, ಲಾಟೆಗನ್. ಇನ್ನೂ ನಾಲ್ಕಿದೆ."

ನಾಲ್ಕನ್ನೂ ಅವನಿಂದಲೇ ಓದಿಸಿದಳು. ತಪ್ಪು ಓದಿದ ಒಂದನ್ನು ಎರಡು ಸಲ ಓದಿಸಿದಳು. ಆಮೇಲೆ ಅಜ್ಜಿಯ ಗೋರಿಯನ್ನು ದಾಟಿ, ಬಣ್ಣ ಬದಲಾಗದ ನೆಲದ ಮೇಲೆ ಟೇಪನ್ನು ಎಳೆದಳು.

"ಅಲ್ಲೇನೂ ಇಲ್ವಲ್ಲ," ಎಂದ ಲಾಟೆಗನ್.

"ಇಲ್ಲ. ಅಪ್ಪ ಎತ್ತರದ ಆಳು. ಎಷ್ಟಿದೆ, ಓದಿ."

ಅವನ ತುಟಿ ಅಲುಗಿತು. "ಎರಡು ಹತ್ತು."

"ಕೇಳಿಸ್ಲಿಲ್ಲ."

"ಎರಡು ಮೀಟರ್ ಹತ್ತು!"

ಗನೀಫ್ ಬರೆದುಕೊಂಡ. ಡೆನೀಸ್ ಮೊದಲ ಮೊಳೆ ಬಡಿದಳು. ಮಣ್ಣು ಗಟ್ಟಿಯಾಗಿತ್ತು, ನಾಲ್ಕು ಪೆಟ್ಟು ಬೇಕಾಯಿತು. ಆಚೆ ತುದಿಯಲ್ಲಿ ಲಾಟೆಗನ್, ಯಾರೂ ಬಿಡು ಎನ್ನದ ಟೇಪನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿಹಿಡಿದೇ ಇದ್ದ.