ಕೆಳಗಿನವಳ ಹಲಗೆ

“ಕಣ್ಣು ಉಜ್ಕೊಂಡು ನಿಂತ್ರೆ ಗರಗಸ ಯಾರು ಎಳೀತಾರೆ, ನಿಮ್ಮಪ್ಪನಾ?” ಸಾಹುಕಾರ ಹಿಂಬಾಗಿಲಲ್ಲಿ ನಿಂತು ಕೂಗಿದ.

ಅವಳು ಎಳೆದಳು. ಅವನ ಹಿತ್ತಲಲ್ಲಿ ಕಡಿದುರುಳಿಸಿದ್ದ ಮಾವಿನ ದಿಮ್ಮಿಯನ್ನು ಆಳೆತ್ತರದ ಕವೆಗಳ ಮೇಲೆ ಏರಿಸಿದ್ದರು. ದಿಮ್ಮಿ ಹತ್ತಿ ಗರಗಸದ ಒಂದು ತುದಿ ಹಿಡಿದವನು ಗಂಡ. ಅಡಿಯಲ್ಲಿ ನಿಂತು ಇನ್ನೊಂದು ತುದಿ ಜಗ್ಗುವವಳು ಇವಳು. ಮೇಲಿನವನಿಗೆ ಗಾಳಿ, ಕೆಳಗಿನವಳಿಗೆ ಹೊಟ್ಟು. ಕಣ್ಣು, ಮೂಗು, ರವಿಕೆಯೊಳಗೆಲ್ಲ ಹಸಿ ಹೊಟ್ಟು. ಅದಕ್ಕೇ ಕೊಯ್ಯುವವರಲ್ಲಿ ಒಂದು ರೂಢಿಯಿತ್ತು: ಒಂದು ಮೈ ತೊಗಟೆಯೇ ಆಗಿರುವ ಹೊರಗಿನ ಸಿಪ್ಪೆ ಹಲಗೆ, ಕೆಳಗೆ ನಿಂತವರಿಗೆ.

ನಾಲ್ಕು ಸಿಪ್ಪೆ ಹಲಗೆ ಬಿದ್ದಿದ್ದವು. ಜೋಡಿಸಿದರೆ ಒಂದು ಬಾಗಿಲು. ಅವಳ ಮನೆಯ ಬಚ್ಚಲಿಗೆ ಗೋಣಿಚೀಲವೇ ಮರೆ. ಬೆಳೆದ ಮಗಳು ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದರಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದಳು. ಒಳ್ಳೆಯ ಹಲಗೆಗಳೆಲ್ಲ ಸಾಹುಕಾರನ ಮಗಳ ಕೋಣೆಗೆ. ಮಂಚ, ಬೀರು, ಬೀರುವಿಗೆ ಎರಡು ಬಾಗಿಲು. ಬಟ್ಟೆಗೂ ಬಾಗಿಲು! ಬೆಳಗಿನಿಂದ ಹೊಟ್ಟೆ ಉರಿಯುತ್ತಿದ್ದರೂ, ಸಿಪ್ಪೆ ನಾಲ್ಕು ತನ್ನವೆಂದು ಸಮಾಧಾನ ಮಾಡಿಕೊಂಡಿದ್ದಳು.

ಸಂಜೆ ಅವನ್ನು ಹಗ್ಗದಿಂದ ಕಟ್ಟುತ್ತಿದ್ದಾಗ ಸಾಹುಕಾರ ನಾಯಿಯ ಜೊತೆ ಬಂದ.

“ಏಯ್ ಕಳ್ಳಮುಂಡೆ, ಎಲ್ಲಿಗೆ ಅದು?”

“ಕೆಳಗೆ ನಿಂತೋರ ಪಾಲು ಸಾಹುಕಾರ್ರೇ. ನಮ್ಮ ಬಚ್ಚಲಿಗೆ ಒಂದು ಬಾಗಿಲು…”

“ಬಾಗಿಲಂತೆ! ಒಳಗೇನು ರಂಭೆ ಮೀತಾಳಾ?” ತನ್ನ ಮಾತಿಗೆ ತಾನೇ ನಕ್ಕು ನಾಯಿಯ ತಲೆ ತಟ್ಟಿದ. “ಅದು ಇವನ ಗೂಡಿಗೆ ಬೇಕು. ಬಾಗಿಲೂ ಇಡಿಸ್ತೀನಿ. ಪಾಪ, ಚಳೀಲಿ ನಡುಗುತ್ತೆ.”

“ರೂಢಿ ಅದು, ಸ್ವಾಮಿ,” ಎಂದ ಗಂಡ.

“ಕೆಲಸ ಕೊಟ್ಟಿರೋದು ನಿನ್ನ ಕೈಗೆ, ಬಾಯಿಗಲ್ಲ. ಹೇಳಿದಷ್ಟು ಮಾಡೋ ಬೋಳಿಮಗನೆ.”

ಅವಳು ನಾಯಿಯನ್ನು ನೋಡಿದಳು. ಬಾಚಿದ ಕೂದಲು ಫಳಫಳ ಹೊಳೆಯುತ್ತಿತ್ತು. ಅಷ್ಟು ಹೊಟ್ಟೆಕಿಚ್ಚು ಅವಳಿಗೆ ಯಾವ ಹೆಂಗಸಿನ ಮೇಲೂ ಬಂದಿರಲಿಲ್ಲ. ಮೈತುಂಬ ಕೂದಲಿದ್ದೂ ಅದಕ್ಕೊಂದು ಬಾಗಿಲು.

ಗಂಡ ಹಲಗೆ ಪೇರಿಸತೊಡಗಿದ. ಪ್ರತಿ ಸಾಲಿನ ನಡುವೆ ಬೆರಳುದಪ್ಪದ ಪಟ್ಟಿಗಳನ್ನಿಟ್ಟ. ಹಸಿ ಹಲಗೆಯ ಎಲ್ಲ ಮೈಗೂ ಗಾಳಿಯಾಡಬೇಕು. ಇಲ್ಲದಿದ್ದರೆ ತಿಂಗಳೊಳಗೆ ಬೂಸ್ಟು ಹಿಡಿದು ಕಪ್ಪಾಗುತ್ತದೆ, ಆಮೇಲೆ ಒಣಗುವಾಗ ಸೊಟ್ಟಂಪಟ್ಟ ತಿರುಚಿಕೊಳ್ಳುತ್ತದೆ.

“ನಡುನಡುವೆ ಆ ಪಟ್ಟಿ ಯಾಕೋ? ಕತ್ತಲಾದ್ಮೇಲೆ ಎಳ್ಕೊಂಡು ಹೋಗೋಕಾ?” ಎಂದ ಸಾಹುಕಾರ. “ತೆಗಿ. ಎಲ್ಲಾ ಒತ್ತಾಗಿ ಜೋಡಿಸಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಬಿಗಿ.”

“ಸ್ವಾಮಿ, ಹಸಿ ಮರಕ್ಕೆ—”

ಅವಳು ಗಂಡನ ಕಾಲು ತುಳಿದಳು. “ಬಾಯಿಗೆ ಕೆಲಸ ಕೊಟ್ಟಿಲ್ಲ ಅಂದ್ರಲ್ಲ, ಕೇಳಿಸ್ಲಿಲ್ವಾ ನಿಂಗೆ?”

ಪಟ್ಟಿಗಳನ್ನು ಒಂದೊಂದೇ ಎಳೆದು ಸಾಹುಕಾರನ ಕೈಗೇ ಕೊಟ್ಟಳು. “ಎಣಿಸ್ಕೊಳ್ಳಿ. ಆಮೇಲೆ ಕಳ್ಳಿ ಅನ್ಬೇಡಿ.” ಕೂದಲೆಳೆಯೂ ತೂರದಂತೆ ಹಲಗೆಯ ಮೇಲೆ ಹಲಗೆ ಒತ್ತಿದಳು. ನಾಲ್ಕು ಸಿಪ್ಪೆಯನ್ನೂ ನಡುವೆ ಸೇರಿಸಿದಳು. ಪ್ಲಾಸ್ಟಿಕ್ ಹೊದಿಸಿ, ಮಗುವಿನ ಕಾಲಡಿಗೆ ಕಂಬಳಿ ಸಿಕ್ಕಿಸುವ ಹಾಗೆ ನಾಲ್ಕೂ ಅಂಚು ಒಳಗೆ ಸಿಕ್ಕಿಸಿದಳು.

“ಹಿಂಗೆ ಮಾಡ್ಬೇಕು ಕೆಲಸ,” ಎಂದು ಸಾಹುಕಾರ ಒಳಗೆ ಹೋದ.

ನಾಯಿ ಪೇರಿಕೆಯ ಸುತ್ತ ಮೂಸುತ್ತ ಬಂತು. ಅವಳು ಮೊದಲ ಸಲ ಅದರ ಬೆನ್ನು ಸವರಿದಳು.

“ನಿನ್ನ ಬಾಗಿಲೂ ಅದರೊಳಗೇ ಇದೆ ಕಣೋ,” ಎಂದು ಹಗ್ಗಕ್ಕೆ ಇನ್ನೊಂದು ಗಂಟು ಬಿಗಿದಳು.