ಕಾಲಿಡದ ಊರು

ಹೆರ್ಮಿನೆ ಕ್ಲಾಗನ್‌ಫುರ್ಟ್‌ಗೆ ಕಾಲಿಡುವುದಿಲ್ಲ ಎನ್ನುವುದು ಫಿಲ್ಲಾಖ್‌ನ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಯುಡಿತ್‌ಗೆ ಮಾತ್ರ ಅದು ಗೊತ್ತಾದದ್ದು ಆ ಮನೆಯ ಸೊಸೆಯಾಗುವುದು ನಿಶ್ಚಯವಾದ ಮೇಲೆ. ಅವಳು ಹುಟ್ಟಿ ಬೆಳೆದದ್ದೇ ಕ್ಲಾಗನ್‌ಫುರ್ಟ್‌ನಲ್ಲಿ.

ಎರಡು ಊರಿನ ನಡುವೆ ಇರುವುದು ಒಂದು ಉದ್ದನೆಯ ಸರೋವರ, ಅಷ್ಟೆ. ರೈಲಿನಲ್ಲಿ ಕೂತು ಒಂದು ಸೇಬು ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಬಂದುಬಿಡುತ್ತದೆ. ಆದರೆ ಹೆರ್ಮಿನೆಗೆ ಅದು ಸಮುದ್ರದಾಚೆಯ ಊರು. ಹೊಸದಾಗಿ ಮದುವೆಯಾದಾಗ ಅವಳು ಅಲ್ಲಿ ನಡೆದ ಪ್ರಾಂತದ ಅಡುಗೆ ಸ್ಪರ್ಧೆಗೆ ಕಾಸ್‌ನೂಡೆಲ್ ಮಾಡಿಕೊಂಡು ಹೋಗಿದ್ದಳು. ಒಡೆದ ಹಾಲಿನ ಗಟ್ಟಿ, ಆಲೂಗಡ್ಡೆ, ಪುದೀನ ತುಂಬಿ, ಅಂಚನ್ನು ಜಡೆ ಹೆಣೆದ ಹಾಗೆ ಮಡಚಿ ಬೇಯಿಸುವ ಕಡುಬು ಅದು. ತೀರ್ಪುಗಾರ ಒಂದು ಕಡುಬು ಪೂರ್ತಿ ತಿಂದ, ಇನ್ನೊಂದು ತೆಗೆದುಕೊಂಡು ಅದನ್ನೂ ತಿಂದ, ಆಮೇಲೆ ಬಾಯೊರೆಸಿಕೊಂಡು, ಅಂಚು ಚೆನ್ನಾಗಿದೆ, ಪುದೀನ ತುಸು ಹೆಚ್ಚಾಯಿತು ಎಂದ. ಮೂರನೆಯ ಬಹುಮಾನವೆಂದು ಒಂದು ಲಟ್ಟಣಿಗೆ ಕೊಟ್ಟರು. ಹೆರ್ಮಿನೆ ಅದನ್ನು ಅಲ್ಲಿನ ರೈಲು ನಿಲ್ದಾಣದ ಬೆಂಚಿನ ಮೇಲೆ ಬಿಟ್ಟು, ಇನ್ನು ಈ ಊರಿಗೆ ಕಾಲಿಡುವುದಿಲ್ಲ ಎಂದು ಹೇಳಿ ರೈಲು ಹತ್ತಿದಳು.

ಹೇಳಿದಂತೆ ನಡೆದುಕೊಂಡಳು ಕೂಡ. ಸರ್ಕಾರಿ ಕಚೇರಿಯ ಕೆಲಸವಿದ್ದರೆ ಗಂಡ ಎಗೋನ್ ಹೋಗಿ ಬರುತ್ತಿದ್ದ. ವಿಯೆನ್ನಾದಲ್ಲಿರುವ ತಂಗಿಯ ಮನೆಗೆ ಹೋಗುವಾಗ ರೈಲು ಕ್ಲಾಗನ್‌ಫುರ್ಟ್‌ನಲ್ಲಿ ನಿಲ್ಲುತ್ತದಲ್ಲ, ಆಗ ಹೆರ್ಮಿನೆ ಎರಡೂ ಪಾದಗಳನ್ನು ನೆಲದಿಂದ ಎತ್ತಿಕೊಂಡು ಕೂರುತ್ತಿದ್ದಳು. ರೈಲು ಹೊರಟು ಊರಿನ ಕೊನೆಯ ಮನೆ ಹಿಂದಾದ ಮೇಲೆಯೇ ಇಳಿಸುವುದು. ಎದುರು ಸೀಟಿನವರು ನೋಡಿದರೆ ಎಗೋನ್ ಬಹಳ ಸಮಾಧಾನದಿಂದ, ಇವಳಿಗೆ ಸೊಂಟದ ವ್ಯಾಯಾಮ ಹೇಳಿದ್ದಾರೆ ಎನ್ನುತ್ತಿದ್ದ.

ಹೀಗಾಗಿ ಯುಡಿತ್‌ಳ ಮದುವೆ ಎರಡೂ ಊರಲ್ಲಿ ನಡೆಯಲಿಲ್ಲ. ಸರೋವರದ ಈ ತುದಿಯ ಫೆಲ್ಡೆನ್‌ನಲ್ಲಿ ನಡೆಯಿತು. ಬೀಗಿತ್ತಿಯರು ಭೇಟಿಯಾಗುತ್ತಿದ್ದದ್ದೂ ಅಲ್ಲಿಯೇ, ಒಂದೊಂದು ತುಂಡು ಕೇಕಿನ ಮುಂದೆ. ಯುಡಿತ್‌ಳ ಅಮ್ಮ ಎರ್ನಾಗೆ ಇದರಿಂದ ಬೇಸರವೇನೂ ಇರಲಿಲ್ಲ, ಮಂಡಿ ಹಿಡಿದುಕೊಂಡು ಬಸ್ಸು ಹತ್ತಲಾಗದ ಹಾಗೆ ಆಗುವವರೆಗೆ. ಈಗ ಅವಳಿಗೆ ಎಪ್ಪತ್ತು ತುಂಬುವುದರಲ್ಲಿತ್ತು. ಏನು ಉಡುಗೊರೆ ತರಲಿ ಎಂದು ಮಗಳು ಫೋನಿನಲ್ಲಿ ಕೇಳಿದ್ದಕ್ಕೆ, ಏನೂ ಬೇಡ, ನಿಮ್ಮತ್ತೆ ಒಂದು ಸಲ ನನ್ನ ಮನೆಗೆ ಬಂದು ನನ್ನ ಮೇಜಿನ ಮುಂದೆ ಕೂತರೆ ಸಾಕು ಎಂದಿದ್ದಳು.

ಯುಡಿತ್ ಆ ಮಾತನ್ನು ನಾಲ್ಕಾರು ದಿನ ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಓಡಾಡಿದಳು. ಕೊನೆಗೆ ಹುಟ್ಟುಹಬ್ಬದ ಮುಂಚಿನ ಶುಕ್ರವಾರ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಕಡುಬಿನ ಅಂಚು ಮಡಚುತ್ತಿದ್ದಾಗ ಹೇಳಿಬಿಟ್ಟಳು.

ಹೆರ್ಮಿನೆಯ ಬೆರಳು ನಿಲ್ಲಲಿಲ್ಲ. "ನಿಮ್ಮಮ್ಮ ಚಿನ್ನದಂಥ ಹೆಂಗಸು. ಫೆಲ್ಡೆನ್‌ಗೆ ಬರಲಿ, ಕೇಕು ನಾನು ಕೊಡಿಸ್ತೀನಿ."

"ಅಮ್ಮನಿಗೆ ಮಂಡಿ ನೋವು ಅತ್ತೆ. ಎಲ್ಲಿಗೂ ಹೋಗಕ್ಕಾಗಲ್ಲ."

"ಹಾಗಾದರೆ ಕಡುಬು ಮಾಡಿ ಕಳಿಸ್ತೀನಿ. ತುಂಬಾ ಕಳಿಸ್ತೀನಿ."

"ಅಮ್ಮ ಕರೆದಿರೋದು ಕಡುಬನ್ನಲ್ಲ."

ಹೆರ್ಮಿನೆ ಒಂದು ಕ್ಷಣ ಸೊಸೆಯ ಮುಖ ನೋಡಿದಳು. ಆಮೇಲೆ ಸೊಸೆಯ ಕಡುಬನ್ನು ನೋಡಿ, ಅಂಚು ಹಿಂಗೆ ಬಿಟ್ಟರೆ ನೀರಿನಲ್ಲಿ ಬಾಯಿ ಬಿಡುತ್ತೆ ಎಂದು ಅದನ್ನು ಕಿತ್ತುಕೊಂಡು ತಾನೇ ಮಡಚಿದಳು. ಮಾತು ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಸುಡುಬಿಸಿಲು. ಯುಡಿತ್‌ಳ ಗಂಡ ಗೆರ್ನೋಟ್ ರೈಲ್ವೆಯವನು, ಡ್ಯೂಟಿಗೆ ಹೋಗಿದ್ದ. ಎರಡು ವರ್ಷದ ಮಗಳು ಫಿನಿ ಸೆಕೆಗೆ ಬೆಳಗಿನಿಂದ ರಚ್ಚೆ ಹಿಡಿದಿದ್ದಳು. ಪಾರ್ಕಿನ ಉಬ್ಬುನಕ್ಷೆಯ ಕಟ್ಟಡ ತಂಪಾಗಿರುತ್ತದೆ ನಡೆಯಿರಿ ಎಂದು ಎಗೋನ್ ಎಲ್ಲರನ್ನೂ ಹೊರಡಿಸಿದ. ಆ ಕಟ್ಟಡದೊಳಗೆ ಇಡೀ ಪ್ರಾಂತವೇ ಗಾರೆಯಲ್ಲಿ ಮೂಡಿ ನೆಲದ ಮೇಲೆ ಮಲಗಿದೆ: ಮೊಣಕಾಲೆತ್ತರದ ಬೆಟ್ಟಗಳು, ನೀಲಿ ಬಣ್ಣದ ನದಿಗಳು, ಗಾಜಿನ ಸರೋವರಗಳು, ಉಗುರಿನಷ್ಟು ಉಗುರಿನಷ್ಟು ಊರುಗಳು. ಸುತ್ತ ಕಟಕಟೆ. ಹೆರ್ಮಿನೆಗೆ ಅಲ್ಲಿಗೆ ಹೋಗುವುದೆಂದರೆ ಇಷ್ಟ. ಫಿಲ್ಲಾಖ್ ಸರಿಯಾಗಿ ನಡುವೆ ಬರುತ್ತದೆ.

ಅವಳು ಮೊಮ್ಮಗಳನ್ನು ಎತ್ತಿಕೊಂಡು ಕಟಕಟೆಗೆ ಒರಗಿ ಪಾಠ ಶುರುಮಾಡಿದಳು. ಇದು ನಮ್ಮ ಡ್ರಾವ್ ನದಿ, ಇದು ನಮ್ಮ ಸೇತುವೆ, ರೋಮಿನವರ ಕಾಲದಿಂದಲೂ ಇಲ್ಲೊಂದು ಸೇತುವೆ ಇದೆ. ನಮ್ಮೂರು ನೂರಾರು ವರ್ಷ ಬಾಂಬೆರ್ಗ್‌ನ ಬಿಷಪ್ಪರ ಕೈಯಲ್ಲಿತ್ತು, ಕೊನೆಗೆ ಮಹಾರಾಣಿ ಮರಿಯಾ ಥೆರೇಸಿಯಾ ಕೈತುಂಬ ದುಡ್ಡು ಸುರಿದು ಕೊಂಡುಕೊಂಡಳು.

"ಅಗೋ ಅಲ್ಲಿ ಇದೆಯಲ್ಲ ನಿಮ್ಮಮ್ಮನ ಊರು," ಎಂದು ಗಲ್ಲದಿಂದಲೇ ಪೂರ್ವಕ್ಕೆ ತೋರಿಸಿದಳು, "ಅದು ಸುಟ್ಟು ಬೂದಿಯಾಗಿ ಬಿದ್ದಿತ್ತು. ಚಕ್ರವರ್ತಿ ಅದನ್ನ ಪ್ರಾಂತದ ಜಮೀನ್ದಾರರಿಗೆ ಪುಕ್ಕಟೆ ಕೊಟ್ಟುಬಿಟ್ಟ. ಬರೀ ಜೌಗು ನೆಲ. ಅದಕ್ಕೇ ಅಲ್ಲಿಯವರ ಪಾದ ಬಾತುಕೋಳಿ ಪಾದದ ಹಾಗೆ ಅಗಲ."

ಯುಡಿತ್‌ಳ ಪಾದ ಸ್ವಲ್ಪ ದೊಡ್ಡದು, ನಿಜ. ಅತ್ತೆಯದು ಶಾಲೆಯ ಹುಡುಗಿಯದರಷ್ಟು ಪುಟ್ಟದು. ಈ ವಿಷಯ ಮನೆಯಲ್ಲಿ ಆಗಾಗ ಬರುತ್ತಿತ್ತು.

"ನಮ್ಮೂರಿಗೆ ಘಟಸರ್ಪದ ಕತೆ ಇದೆ ಅಂತಲೂ ಹೇಳಿ ಅತ್ತೆ," ಎಂದಳು ಯುಡಿತ್.

"ಅದರ ತಲೆ ಸಿಕ್ತು ಅಂತ ಊರೆಲ್ಲಾ ಕುಣಿದಾಡಿದ್ರಲ್ಲ, ಆಮೇಲೆ ನೋಡಿದರೆ ಘೇಂಡಾಮೃಗದ ಬುರುಡೆ."

"ಬುರುಡೆಯಾದರೂ ಗಟ್ಟಿ ಇತ್ತು. ನಿಮ್ಮ ಡೊಬ್ರಾಚ್ ಬೆಟ್ಟ ಭೂಕಂಪಕ್ಕೆ ಅರ್ಧ ಉದುರಿಹೋಯ್ತು."

ಎಗೋನ್ ನಗುವನ್ನು ಕೆಮ್ಮಿನೊಳಗೆ ಬಚ್ಚಿಟ್ಟ. ಹೆರ್ಮಿನೆ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಫಿನಿ ಅಜ್ಜಿಯ ಬಲಗಿವಿಗೆ ಕೈ ಹಾಕಿ ಕಿವಿಯ ಮಷೀನನ್ನು ಕಿತ್ತು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಪ್ರಾಂತದ ಮೇಲೆ ಎಸೆದಳು.

ಅದು ಬೆಟ್ಟವೊಂದಕ್ಕೆ ಬಡಿದು, ಪುಟಿದು, ಸರೋವರದ ಗಾಜಿನ ಮೇಲೆ ಉದ್ದಕ್ಕೂ ಜಾರಿ, ಕ್ಲಾಗನ್‌ಫುರ್ಟ್ ಕಡೆಯ ದಡದಲ್ಲೆಲ್ಲೋ ಕಾಣದಾಯಿತು. ಕ್ಷಣದ ಮೇಲೆ ಸಣ್ಣಗೆ ಕುಂಯ್ ಎಂದು ಶಿಳ್ಳೆ ಕೇಳಿಸತೊಡಗಿತು. ಎಲ್ಲರಿಗೂ ಕೇಳಿಸಿತು, ಹೆರ್ಮಿನೆಗೊಬ್ಬಳಿಗೆ ಕೇಳಿಸಲಿಲ್ಲ. ಅವಳಿಗೆ ಆ ಮಷೀನಿಲ್ಲದೆ ಪಕ್ಕದಲ್ಲಿ ಗಂಟೆ ಹೊಡೆದರೂ ಇಲ್ಲ.

"ಎಲ್ಲಿ ಬಿತ್ತು?" ಎಂದು ಅವಳು ದೊಡ್ಡ ಗಂಟಲಿನಲ್ಲಿ ಕೇಳಿದಳು.

ಮಾವ ಸೊಸೆ ಮುಖ ಮುಖ ನೋಡಿಕೊಂಡರು. ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಕಾವಲಿನವರಾದ ಪೆಟ್ಷ್‌ನಿಗ್ ಬಂದರು. ಸೊಂಟ ನೋವಿನ, ದೊಡ್ಡ ಮೀಸೆಯ ಮನುಷ್ಯ. ಧೂಳು ಹೊಡೆಯುವ ಉದ್ದ ಕೋಲಿನ ಬ್ರಷ್ಷು ತಂದು ದಕ್ಷಿಣದ ಕಡೆಯಿಂದ ಚಾಚಿ, ನಾಲಿಗೆ ಕಚ್ಚಿಕೊಂಡು ಮಷೀನನ್ನು ಎಳೆಯಲು ನೋಡಿದರು. ಅದು ಅವರತ್ತ ಬರುವ ಬದಲು ಇನ್ನೂ ಆಚೆಗೆ ಉರುಳಿ, ಕ್ಲಾಗನ್‌ಫುರ್ಟ್ ಊರಿನೊಳಕ್ಕೇ ಹೋಗಿ ನಿಂತು ಶಿಳ್ಳೆ ಹಾಕಿತು. ಇನ್ನು ಯಾರಾದರೂ ಮೇಲೆ ಹತ್ತಿಯೇ ತರಬೇಕು ಎಂದರು. ಬೂಟು ಕೂಡದು. ಬರಿಗಾಲೂ ಕೂಡದು, ಬೆವರು ತಾಗಿದರೆ ಬಣ್ಣ ಕೆಡುತ್ತದೆ. ಸಾಕ್ಸು ಅಂತೂ ಬೇಡವೇ ಬೇಡ. ಹಿಂದೊಬ್ಬರು ಸಾಕ್ಸಿನಲ್ಲಿ ಹತ್ತಿ ಜಾರಿ ಫ್ರೀಸಾಖ್ ಊರಿನ ಮೇಲೆ ಕೂತುಬಿಟ್ಟಿದ್ದರಂತೆ. ವರ್ಷಕ್ಕೊಮ್ಮೆ ಬಂದು ಬೆಟ್ಟಗಳ ಧೂಳು ಒರೆಸುವ ಹೆಂಗಸಿಗೆಂದು ಮಾಡಿಸಿದ ಮೆತ್ತನೆಯ ಕಂಬಳಿ ಚಪ್ಪಲಿ ಒಂದು ಜೊತೆ ಇದೆ, ಅದನ್ನು ಹಾಕಿಕೊಂಡರೆ ಸರಿ ಎಂದು ಬೀರು ತೆಗೆದು ಬೂದು ಬಣ್ಣದ ಚಪ್ಪಲಿ ತಂದಿಟ್ಟರು.

ಯುಡಿತ್ ಪಾದ ತೂರಿಸಲು ನೋಡಿದಳು. ಬೆರಳು ಮಾತ್ರ ಹೋಯಿತು. ಎಗೋನ್‌ನ ಪಾದ ನೋಡಿ ಪೆಟ್ಷ್‌ನಿಗ್ ಚಪ್ಪಲಿಯನ್ನೇ ಹಿಂದಕ್ಕೆ ಎಳೆದುಕೊಂಡರು. ಹೆರ್ಮಿನೆ ಇಬ್ಬರನ್ನೂ ಸರಿಸಿ, ತನ್ನ ಚಪ್ಪಲಿ ಬಿಟ್ಟು, ಅದರಲ್ಲಿ ಕಾಲಿಟ್ಟಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ದಕ್ಷಿಣದ ಗೇಟು ತೆಗೆದರು. ಅವಳು ಲಂಗ ಎತ್ತಿ ಹಿಡಿದು ಕರವಾಂಕೆನ್ ಬೆಟ್ಟಸಾಲನ್ನು ಹೊಸಿಲು ದಾಟಿದ ಹಾಗೆ ದಾಟಿದಳು, ಡ್ರಾವ್ ನದಿಯನ್ನೂ ದಾಟಿದಳು. ಎಗೋನ್ ಕೈ ಆಡಿಸಿ, ಇನ್ನೂ ಮುಂದೆ, ಇನ್ನೂ ಬಲಕ್ಕೆ ಎಂದು ತೋರಿಸುತ್ತಿದ್ದ. ಹಸಿರು ಗುಡ್ಡವೊಂದರ ಮೇಲೆ ನಿಂತ ಮೇಲೆ ಮಷೀನು ಅವಳ ಕಣ್ಣಿಗೆ ಬಿತ್ತು. ಅದು ಎಲ್ಲಿ ಬಿದ್ದಿದೆ ಎಂಬುದೂ ಕಣ್ಣಿಗೆ ಬಿತ್ತು.

ಅವಳು ನಿಂತಲ್ಲಿಂದಲೇ ಬಗ್ಗಿದಳು. ಒಂದು ಗೇಣು ಸಾಲದು. ಸರೋವರದ ಕಡೆಯಿಂದ ಹೋಗಬಹುದೆಂದು ಕಾಲನ್ನು ಗಾಜಿನ ಮೇಲೆ ತಂದಳು. ಪೆಟ್ಷ್‌ನಿಗ್ ಕೂಗಿಕೊಂಡರು: "ಕೆರೆ ಮೇಲೆ ಬೇಡಮ್ಮಾ, ಗಾಜು ಅದು. ಕ್ಲಾಗನ್‌ಫುರ್ಟ್ ಮೇಲೆ ಕಾಲಿಡಿ, ಗಟ್ಟಿ ಇದೆ."

ಅವಳಿಗೆ ಕೇಳಿಸಲಿಲ್ಲ. ಆದರೆ ಅವರ ಕೈ ಮೊದಲು ಬೇಡ ಎಂದು, ಆಮೇಲೆ ಇಡಿ ಎಂದು ತೋರಿಸಿದ್ದು ಸ್ಪಷ್ಟವಾಗಿಯೇ ಕಂಡಿತು. ಹೆರ್ಮಿನೆ ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತಳು. ಒಂಟಿ ಕಾಲಿನ ಕೊಕ್ಕರೆಯ ಹಾಗೆ, ರೈಲಿನಲ್ಲಿ ಕೂರುತ್ತಿದ್ದ ಹಾಗೆ. ಕಟಕಟೆಯ ಸುತ್ತ ಇದ್ದ ನಾಲ್ಕು ಜನ ಪ್ರವಾಸಿಗರೂ ಮಾತು ನಿಲ್ಲಿಸಿ ನೋಡಿದರು. ಯುಡಿತ್ ಫಿನಿಯನ್ನು ಎದೆಗೆ ಅವುಚಿಕೊಂಡು, ಅತ್ತೆ ಬೀಳದಿದ್ದರೆ ಸಾಕು, ಅಮ್ಮನ ಮನೆಗೆ ಬರದಿದ್ದರೂ ಚಿಂತೆಯಿಲ್ಲ ಎಂದುಕೊಂಡಳು. ಆ ಕ್ಷಣಕ್ಕೆ ಅದು ನಿಜವಾದ ಮಾತೇ ಆಗಿತ್ತು.

ಕಾಲು ನಡುಗಿತು. ಇಳಿಯಿತು. ಕ್ಲಾಗನ್‌ಫುರ್ಟ್‌ನ ನಟ್ಟನಡುವೆ ಬೂದು ಚಪ್ಪಲಿ ಮೆತ್ತಗೆ ಕೂತಿತು. ಹೆರ್ಮಿನೆ ಬಗ್ಗಿ ಮಷೀನನ್ನು ಎತ್ತಿ, ಊದಿ, ಕಿವಿಗೆ ಸಿಕ್ಕಿಸಿಕೊಂಡಳು. ಶಿಳ್ಳೆ ನಿಂತಿತು.

ಎಗೋನ್ ಮೊದಲು ಬಾಯಿ ತೆರೆದ. "ಮುಗೀತಲ್ಲ ಹೆರ್ಮಿ. ಕಾಲಿಟ್ಟೆ."

"ಇದು ಗಾರೆ," ಎಂದಳು ಅವಳು ಅಲ್ಲಿಂದಲೇ.

"ಊರು ಊರೇ."

"ಚಪ್ಪಲಿ ನನ್ನದಲ್ಲ. ಚಪ್ಪಲಿ ಫಿಲ್ಲಾಖ್‌ನದು. ಕಾಲಿಟ್ಟಿದ್ದು ಫಿಲ್ಲಾಖ್, ನಾನಲ್ಲ." ಇಷ್ಟು ಹೇಳಿ ಅವಳು ಬೆಟ್ಟ ದಾಟಿ ವಾಪಸು ಬಂದಳು. ಪೆಟ್ಷ್‌ನಿಗ್ ಕೈ ಕೊಟ್ಟು ಇಳಿಸಿಕೊಂಡರು.

ಯುಡಿತ್ ಬೆಂಚಿನ ಮುಂದೆ ಮಂಡಿಯೂರಿ ಅತ್ತೆಯ ಕಾಲಿನಿಂದ ಚಪ್ಪಲಿ ಬಿಡಿಸಲು ಹೋದವಳು ಸುಮ್ಮನೆ ಕೂತಳು. ಗೆದ್ದೆವೆಂದು ನಗಬಹುದಿತ್ತು. ಆದರೆ ಆ ಪುಟ್ಟ ಪಾದ ಇನ್ನೂ ಸಣ್ಣಗೆ ನಡುಗುತ್ತಿತ್ತು. ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು:

"ಅತ್ತೆ, ಅಮ್ಮನ ಮನೆಯಲ್ಲೂ ಬಂದವರಿಗೆ ಬಾಗಿಲಲ್ಲೇ ಮನೆಚಪ್ಪಲಿ ಕೊಡ್ತಾರೆ. ಕಾರು ಮೆಟ್ಟಿಲ ತನಕ ಹೋಗುತ್ತೆ."

"ಅದು ಕ್ಲಾಗನ್‌ಫುರ್ಟ್ ಚಪ್ಪಲಿ."

"ಹೌದು. ಅದಕ್ಕೇ ಇದನ್ನ ಎರವಲು ಕೇಳೋಣ ಅಂತ."

ಹೆರ್ಮಿನೆ ಮಷೀನು ಸರಿಯಾಗಿ ಕೂತಿಲ್ಲವೇನೋ ಎನ್ನುವ ಹಾಗೆ ಕಿವಿ ಮುಟ್ಟಿ ಮುಟ್ಟಿ ನೋಡಿಕೊಂಡಳು. ಆಮೇಲೆ ಪೆಟ್ಷ್‌ನಿಗ್ ಕಡೆ ತಿರುಗಿ, ನಿಮಗೆ ಕಡುಬು ಇಷ್ಟವೇ ಎಂದು ಕೇಳಿದಳು. ಅವರು, ಪುದೀನ ಜಾಸ್ತಿ ಇದ್ದರೆ ಇಷ್ಟ ಎಂದರು. ಯಾರೂ ಹೇಳಿಕೊಟ್ಟಿರಲಿಲ್ಲ, ದೇವರೇ ನುಡಿಸಿದಂತೆ ನುಡಿದರು.

ಭಾನುವಾರ ಗೆರ್ನೋಟ್ ಕಾರನ್ನು ಎರ್ನಾಳ ಮನೆಯ ಮೆಟ್ಟಿಲಿಗೆ ತಾಗಿಸಿದಂತೆ ನಿಲ್ಲಿಸಿದ. ಒಳ್ಳೆಯ ಉಡುಪು, ಕೊರಳಲ್ಲಿ ಮುತ್ತು, ಕಾಲಲ್ಲಿ ಬೂದು ಕಂಬಳಿ ಚಪ್ಪಲಿ, ಕೈಯಲ್ಲಿ ಬಟ್ಟೆ ಮುಚ್ಚಿದ ದೊಡ್ಡ ಪಾತ್ರೆ: ಹೆರ್ಮಿನೆ ಹೀಗೆ ಇಳಿದಳು. ಬಾಗಿಲಲ್ಲಿ ಕೋಲೂರಿ ನಿಂತಿದ್ದ ಎರ್ನಾ ಚಪ್ಪಲಿಯನ್ನು ನೋಡಿದಳು. ಬನ್ನಿ ಎಂದು ಅತ್ತಳು, ಅತ್ತಿದ್ದಕ್ಕೆ ಈರುಳ್ಳಿಯನ್ನು ಬೈದಳು.

ಮೇಜಿನ ಸುತ್ತ ಎಲ್ಲರೂ ಕೂತರು. ಕಡುಬಿನ ಮೇಲೆ ಬಿಸಿ ಬೆಣ್ಣೆ ಸುರಿದಾಯಿತು. ಎರ್ನಾ ಒಂದನ್ನು ಕೊಯ್ದು ಬಾಯಿಗಿಟ್ಟು ಅಗಿಯತೊಡಗಿದಳು. ಎಗೋನ್ ಕಿಟಕಿಯಾಚೆ ನೋಡತೊಡಗಿದ. ಹೆರ್ಮಿನೆ ಚಾಕು ಫೋರ್ಕು ಎರಡನ್ನೂ ಕೆಳಗಿಟ್ಟು ಬೀಗಿತ್ತಿಯ ಬಾಯನ್ನೇ ನೋಡುತ್ತಿದ್ದಳು.

"ಬೇಜಾರು ಮಾಡ್ಕೋಬೇಡಿ, ಬಾಯಿಗೆ ಬಂದಿದ್ದು ಹೇಳ್ತೀನಿ," ಎಂದಳು ಎರ್ನಾ. "ಪುದೀನ ಇನ್ನೂ ಸ್ವಲ್ಪ ಇದ್ದಿದ್ರೆ ಚೆನ್ನಾಗಿರ್ತಿತ್ತು."

ಹೆರ್ಮಿನೆ ಇನ್ನೆರಡು ಕಡುಬು ತೆಗೆದು ಎರ್ನಾಳ ತಟ್ಟೆಗೆ ಹಾಕಿದಳು, ಬೆಣ್ಣೆಯನ್ನೂ ತಾನೇ ಸುರಿದಳು. ಆಮೇಲೆ ಊಟ ಸಾಗಿತು, ಮಂಡಿಯ ಮಾತು, ಔಷಧಿಯ ಮಾತು, ಮಕ್ಕಳು ಸಣ್ಣವರಿದ್ದಾಗಿನ ಮಾತು. ಸ್ವಲ್ಪ ಹೊತ್ತಿಗೆ ಫಿನಿ ಚಮಚ ಎಸೆದಳು. ಯುಡಿತ್ ಅದನ್ನು ಹುಡುಕಲು ಮೇಜಿನ ಕೆಳಗೆ ಬಗ್ಗಿದಳು.

ಬೂದು ಚಪ್ಪಲಿಗಳು ಒಂದು ಪಕ್ಕದಲ್ಲಿ ಬರಿದಾಗಿ ಬಿದ್ದಿದ್ದವು. ಅತ್ತೆಯ ಎರಡು ಪುಟ್ಟ ಪಾದಗಳು ಕ್ಲಾಗನ್‌ಫುರ್ಟ್‌ನ ತಣ್ಣನೆಯ ನೆಲದ ಮೇಲೆ, ಬೆರಳು ಅರಳಿಸಿಕೊಂಡು, ಹಾಯಾಗಿ ಕೂತಿದ್ದವು. ಯುಡಿತ್ ಚಮಚ ತೆಗೆದುಕೊಂಡು ಸದ್ದಿಲ್ಲದೆ ಮೇಲೆದ್ದಳು.

"ಸಿಕ್ತಾ?" ಎಂದು ಹೆರ್ಮಿನೆ ಕೇಳಿದಳು.

"ಸಿಕ್ತು ಅತ್ತೆ," ಎಂದು ಯುಡಿತ್ ತನ್ನ ಕಡುಬಿಗೆ ಬೆಣ್ಣೆ ಹಾಕಿಕೊಂಡಳು.