ಹಳೇದು-೨

ಅತೀಕನಿಗೆ ಡಿಗ್ರಿ ಇರಲಿಲ್ಲ. ಶುಕ್ರವಾರದ ನಮಾಜಿಗೆ ಹೊರಟವನನ್ನು ಬಾಗಿಲಲ್ಲೇ ತಡೆದು ಅನಿಕೇತ ಅದನ್ನು ಮತ್ತೊಮ್ಮೆ ನೆನಪಿಸಿದ. ಅನಿಕೇತ ಬೆಳಗಾವಿಯ ಅಡತಿ ವ್ಯಾಪಾರದ ಮನೆತನದವ, ಕುಂಕಳ್ಳಿಯ ಈ ಪರೀಕ್ಷಾ ಕೇಂದ್ರದ ಮ್ಯಾನೇಜರ್; ಅತೀಕ ಅಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರು ನೋಡಿಕೊಳ್ಳುವವ.

"ಕಾಯಂ ಮಾಡಸ್ತೇನಿ ಅಂದೇನಿ, ಮಾಡಸ್ತೇನಿ. ಖರೆ ಡಿಗ್ರಿ ಇಲ್ದವನ್ನ ಹೆಂಗ್ ತಗೋಳೂದು ಅಂತ ಮ್ಯಾಲಿನವ್ರು ಕೇಳ್ತಾರ. ನೀ ಮಾಡಿದ್ದು ಒಂದ್ ಹಾಳಿ ಮ್ಯಾಲ ಬರದ್ ಕೊಡು, ತೋರಸ್ತೇನಿ."

"ಸೋಮವಾರ ಕೊಡ್ತೇನ್ರಿ ಸರ್."

"ಯಾವ ಸೋಮವಾರಪಾ? ಮೂರು ಸೋಮವಾರ ಮುಗದೂವು."

ಅತೀಕ ನಕ್ಕು ಬೈಕ್ ಹತ್ತಿದ.

ಅವನು ಮಾಡಿದ್ದು ಸಣ್ಣದಾಗಿರಲಿಲ್ಲ. ಕೇಂದ್ರದಲ್ಲಿ ಅರವತ್ತು ಪರದೆಗಳಿದ್ದವು, ಅವುಗಳ ಕೆಳಗೆ ಕಂಪ್ಯೂಟರ್ ಇರಲಿಲ್ಲ. ಒಳಕೋಣೆಯ ಸರ್ವರುಗಳಲ್ಲಿ ಅರವತ್ತು ವರ್ಚುವಲ್ ಮಷೀನುಗಳು, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರುಗಳು, ಓಡುತ್ತಿದ್ದವು; ಅವುಗಳ ಡಿಸ್ಕುಗಳೆಲ್ಲ ನೆಟ್‌ವರ್ಕಿನ ಆಚೆ ತುದಿಯ ಒಂದೇ ಸ್ಟೋರೇಜ್ ಪೆಟ್ಟಿಗೆಯಲ್ಲಿ. ಪ್ರತಿ ಬ್ಯಾಚಿಗೂ ಹೊಸ ಮಷೀನುಗಳು ಬೇಕು. ಒಂದೊಂದಕ್ಕೂ ಇಡೀ ಡಿಸ್ಕನ್ನು ನಕಲು ಮಾಡಿ ಅರವತ್ತನ್ನೂ ಮುಗಿಸಲು ಎಂಟು ತಾಸು ಹಿಡಿಯುತ್ತಿತ್ತು. ಹೀಗಾಗಿ ದಿನಕ್ಕೊಂದೇ ಬ್ಯಾಚು. ಅತೀಕ ನಕಲು ಮಾಡುವುದನ್ನೇ ಬಿಟ್ಟ. ಒಂದು ಮೂಲ ಮಷೀನನ್ನು ಸಿದ್ಧಮಾಡಿ ಬಂದ್ ಮಾಡಿಟ್ಟ. ಉಳಿದ ಅರವತ್ತೂ ಅದನ್ನೇ ಓದುತ್ತ, ತಾವು ಬದಲಿಸಿದ್ದನ್ನಷ್ಟೇ ತಮ್ಮ ಹತ್ತಿರ ಬರೆದುಕೊಳ್ಳುತ್ತಿದ್ದವು; ಒಂದೇ ಪಠ್ಯಪುಸ್ತಕವನ್ನು ನಡುವೆ ಇಟ್ಟುಕೊಂಡು ತಂತಮ್ಮ ನೋಟುಬುಕ್ಕಿನಲ್ಲಿ ಬರೆಯುವ ಹಾಸ್ಟೆಲಿನ ಹುಡುಗರ ಹಾಗೆ. ಎಂಟು ತಾಸಿನ ಕೆಲಸ ಹನ್ನೊಂದು ನಿಮಿಷಕ್ಕೆ ಇಳಿಯಿತು. ದಿನಕ್ಕೆ ಮೂರು ಬ್ಯಾಚು ನಡೆದವು. ಅನಿಕೇತನಿಗೆ ಬಡ್ತಿ ಸಿಕ್ಕಿತು.

ಬರೆದುಕೊಟ್ಟರೆ ಡಿಗ್ರಿಯಿದ್ದ ಯಾರಾದರೂ ಅದನ್ನು ಮಾಡಬಹುದಿತ್ತು. ಅತೀಕನ ಅಪ್ಪ ದಸ್ತಗೀರ ವಾಸ್ಕೋದಲ್ಲಿ ಮೂವತ್ತು ವರ್ಷ ಮದುವೆಗಳ ಬಿರಿಯಾನಿ ಬೇಯಿಸಿದವ. ಮಸಾಲೆಯನ್ನು ಮನೆಯಲ್ಲೇ ಬೆರೆಸಿ, ಅರಿವೆಯಲ್ಲಿ ಗಂಟು ಕಟ್ಟಿಕೊಂಡು ಹೋಗುತ್ತಿದ್ದ. ಕೈಕೆಳಗಿನವರು ಏನದು ಎಂದು ಕೇಳಿದರೆ ಒಣಶುಂಠಿ ಎನ್ನುತ್ತಿದ್ದ. "ಗಂಟ ಬಿಚ್ಚಿ ತೋರಸಿದ ದಿನಾ ನಿನ್ನ ಕರಿಯೂದು ಬಿಡ್ತಾರ" ಎಂದು ಮಗನಿಗೂ ಹೇಳಿದ್ದ. ಅತೀಕ ಮೂಲ ಮಷೀನಿಗೆ 'ಹಳೇದು-೨' ಎಂದು ಹೆಸರಿಟ್ಟು, ಬೇಡದ ಫೈಲುಗಳ ನಡುವೆ ಸೇರಿಸಿಟ್ಟಿದ್ದ.

ನಮಾಜು ಮುಗಿಸಿ ಫೋನು ತೆರೆದಾಗ ಹದಿನೇಳು ಕರೆಗಳು ಬಂದಿದ್ದವು.

ಕೇಂದ್ರಕ್ಕೆ ಮರಳಿದ. ಹಾಲ್‌ನಲ್ಲಿ ನರ್ಸಿಂಗ್ ಸಹಾಯಕಿಯರ ಪರೀಕ್ಷೆ ನಡೆದಿತ್ತು. ಎಲ್ಲ ಪರದೆಗಳೂ ಇದ್ದಲ್ಲೇ ಸ್ತಬ್ಧವಾಗಿದ್ದವು. ಮೊಲೆಂನಿಂದ ಮೊದಲ ಬಸ್ಸಿಗೆ ಬಂದಿದ್ದ ಹುಡುಗಿಯೊಬ್ಬಳು ಇನ್ನೂ ಮೌಸು ಹಿಡಿದೇ ಕೂತಿದ್ದಳು. ಮುಗಿಯಲು ಹತ್ತು ನಿಮಿಷವಿತ್ತು ಎಂದಳು.

ಅನಿಕೇತ ಒಳಕೋಣೆಯಲ್ಲಿದ್ದ. ನಾಲ್ಕನೇ ಬ್ಯಾಚೂ ನಡೆಸುತ್ತೇನೆ ಎಂದು ಮೇಲಿನವರಿಗೆ ಒಪ್ಪಿಕೊಂಡು, ಅದಕ್ಕೆ ಮಷೀನು ಸಿದ್ಧಮಾಡಲು ಹೋಗಿದ್ದನಂತೆ.

"ಸ್ಟೋರೇಜ್ ತುಂಬೇತಿ ಅಂತ ತೋರಸ್ತು. ನಿನ್ನ ಫೋನ್ ಬಂದ್. ಫೋಲ್ಡರ್ ತಗದ್ ನೋಡಿದೆ. ಹಳೇದು ಅಂತ ಬರದಿತ್ತು, ಬಂದ್ ಬಿದ್ದಿತ್ತು, ಎಲ್ಲಾಕ್ಕಿಂತ ದೊಡ್ಡದೂ ಅದ ಇತ್ತು. ಅಳಿಸಿದೆ. ಇನ್ನೊಂದು ಕಾಪಿ ಎಲ್ಲಿಟ್ಟಿ?"

ಅತೀಕ ಇನ್ನೊಂದನ್ನು ಇಟ್ಟಿರಲಿಲ್ಲ. ಎರಡು ಕಡೆ ಇಟ್ಟರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು.

"ಅದಕ್ಕ ಹಳೇದು ಅಂತ ಹೆಸರ ಇಟ್ಟಾವ ಯಾರು?" ಅನಿಕೇತನ ದನಿ ಏರಲಿಲ್ಲ. "ಬೇಕಂತ ಇಟ್ಟಿದ್ದಿ, ಹೌದಿಲ್ಲೋ?"

"ಹೌದ್ರಿ."

"ಬರದ್ ಕೊಡು ಅಂತ ಎಷ್ಟು ಸಲ ಹೇಳಿದ್ದೆ?"

"ಬರದ್ ಕೊಟ್ಟಿದ್ರ ನಾ ಇನ್ನೂ ಇಲ್ಲಿ ಇರ್ತಿದ್ನೇನ್ರಿ?"

ಅನಿಕೇತ ಅತೀಕನ ಕೊರಳಲ್ಲಿದ್ದ ಗುತ್ತಿಗೆ ನೌಕರರ ಗುರುತಿನ ಕಾರ್ಡಿನ ಕಡೆ ಕೈ ಚಾಚಿದ.

ಕಾರ್ಡು ಬಿಚ್ಚಿಕೊಟ್ಟ ಮೇಲೂ ಅತೀಕ ಕೀಬೋರ್ಡಿನ ಮುಂದೆ ಕೂತ. ಹುಡುಗಿಯರು ಬರೆದದ್ದೆಲ್ಲ ಸ್ಟೋರೇಜಿನಲ್ಲಿ ಹಾಗೇ ಇತ್ತು, ಒಬ್ಬೊಬ್ಬರದೂ ಬೇರೆ ಬೇರೆಯಾಗಿ. ಮೂಲವಿಲ್ಲದೆ ಒಂದೂ ತೆರೆಯಲಿಲ್ಲ. ಒಂದೊಂದನ್ನೇ ಒತ್ತಿ ನೋಡುತ್ತ ಕೊನೆಯವರೆಗೂ ಹೋದ.

ಹೋದದ್ದು ಅರವತ್ತು ಮಷೀನು. ಇಬ್ಬರು ಗೈರುಹಾಜರಾಗಿದ್ದರಿಂದ ಐವತ್ತೆಂಟು ಉತ್ತರ ಪತ್ರಿಕೆ. ಒಂದು ಕೆಲಸ.